ದುಭಾಷಿಯ ಗಡುವು

2020ರಲ್ಲಿ ಆಪಲ್ ಕಂಪನಿ ತನ್ನ ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಪ್ರೊಸೆಸರ್ ಬಿಟ್ಟು ತನ್ನದೇ ಎಂ1 ಅಳವಡಿಸತೊಡಗಿತು. ಹಳೆಯ ತಂತ್ರಾಂಶಗಳ ಭಾಷೆ ಹೊಸದಕ್ಕೆ ತಿಳಿಯದು. ನಡುವೆ ರೊಸೆಟ್ಟಾ 2 ಎಂಬ ದುಭಾಷಿಯನ್ನು ಕೂರಿಸಿದರು. ಅತ್ತೆ-ಸೊಸೆಯರ ಮಾತನ್ನು ಹದ ಮಾಡಿ ದಾಟಿಸುವ ಜಾಣ ನಾದಿನಿಯಂತೆ, ಅದು ಇರುವುದೇ ಗೊತ್ತಾಗುವುದಿಲ್ಲ!

ಆದರೆ ದುಭಾಷಿಗೂ ಗಡುವುಂಟು. 2006ರ ಮೊದಲ ರೊಸೆಟ್ಟಾವನ್ನು 2011ರಲ್ಲಿ ಕೈಬಿಟ್ಟರು. ಇದನ್ನೂ ಬಹುಮಟ್ಟಿಗೆ ನಿಲ್ಲಿಸುವುದಾಗಿ 2025ರಲ್ಲಿ ಸಾರಿದರು. ಮುಂಚೆಯೇ ಹೇಳಿದ್ದು ಒಳ್ಳೆಯದೇ. ಆದರೆ ತಯಾರಿಸಿದವರೇ ಕೈಬಿಟ್ಟ ಲೆಕ್ಕದ ತಂತ್ರಾಂಶವೊಂದನ್ನು ನಂಬಿರುವ ಅಂಗಡಿಯಾಕೆ ಏನು ಮಾಡಬೇಕು? ಬದಲಾವಣೆ ಆಕೆ ಕೇಳಿದ್ದಲ್ಲ.

ಹೊಸದು ಹಳೆಯದನ್ನು ಸದಾ ಹೊತ್ತು ತಿರುಗಲಾಗದು, ನಿಜ. ಆದರೂ ಬದಲಾವಣೆಯ ಭಾರವನ್ನು ಅದನ್ನು ತಂದವರೇ ಮೊದಲು ಹೊರುವುದು ನ್ಯಾಯ. ಹೊಸ ಮನೆ ಕಟ್ಟಿಸಿದವರು, ಅಜ್ಜಿ ಮೆಟ್ಟಿಲು ಹತ್ತಿ ಬರುವವರೆಗಾದರೂ ಕೈ ಹಿಡಿದು ನಿಲ್ಲಬೇಕಲ್ಲವೆ?