ಭಾವಚಿತ್ರದ ಹಿನ್ನೆಲೆ ಮತ್ತು ಸತ್ಯಾಣುವ್ರತ

ಸತ್ಯಾಣುವ್ರತದ ವಿಚಾರ ಬಂದಾಗಲೆಲ್ಲ ಚರ್ಚೆಯು ಸಾಮಾನ್ಯವಾಗಿ ನಾಲಿಗೆಯ ಸುತ್ತಲೇ ತಿರುಗುತ್ತದೆ. ಅಂಗಡಿಕಾರನ ಮಾತು, ನ್ಯಾಯಾಲಯದ ಸಾಕ್ಷ್ಯ, ಲೆಕ್ಕದ ಪುಸ್ತಕದ ಬರಹ ಇವೇ ಉದಾಹರಣೆಗಳು. ಗೋಡೆಗೆ ತೂಗುಹಾಕಿದ ಭಾವಚಿತ್ರವೊಂದು ಅಸತ್ಯವನ್ನು ನುಡಿಯಬಲ್ಲುದೇ ಎಂದು ಕೇಳುವವರು ವಿರಳ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಗೃಹಸ್ಥರ ಮನೆಗಳಲ್ಲಿ ವಿವಾಹದ ಆಲ್ಬಮ್ ತೆರೆದರೆ, ವಧೂವರರು ಹಿಮಪರ್ವತದ ಮುಂದೆಯೋ ವಿದೇಶದ ಸರೋವರದ ದಂಡೆಯಲ್ಲಿಯೋ ನಿಂತಿರುವುದನ್ನು ಕಾಣಬಹುದು. ಭತ್ತದ ಗದ್ದೆ, ಎರೆಹೊಲ, ತುಂಗಭದ್ರಾ ಎಡದಂಡೆ ಕಾಲುವೆಗಳ ಈ ಸೀಮೆಯಲ್ಲಿ ಹಿಮ ಬೀಳುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಹಾಗಿದ್ದರೂ ಈ ಚಿತ್ರಗಳು ಅಸತ್ಯವೇ? ಅಸತ್ಯವಾದರೆ ಅದು ಯಾರ ಅಸತ್ಯ? ತೆಗೆದವನದೋ, ತೆಗೆಸಿಕೊಂಡವನದೋ?

ಹಿನ್ನೆಲೆಯನ್ನು ಕಲ್ಪಿಸುವುದು ಹೊಸ ಪದ್ಧತಿಯೇನೂ ಅಲ್ಲ. ರಾಯಚೂರು ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ ಅವರು 1844ರಲ್ಲಿ ಮೇರಠ್ ಬಳಿಯ ಸರ್ಧನಾದಲ್ಲಿ ಜೈನ ಮನೆತನದಲ್ಲಿ ಜನಿಸಿದವರು. ಈ ಸಂಗತಿಯನ್ನು ನಮ್ಮ ಸಮಾಜ ಮರೆತಂತಿದೆ. ಅವರ ಕಾಲದ ಸ್ಟುಡಿಯೋಗಳಲ್ಲಿ ಬಣ್ಣದಿಂದ ಬರೆದ ಪರದೆಗಳು ಸಾಮಾನ್ಯವಾಗಿದ್ದವು. ಅನಂತರ ಸಣ್ಣ ಊರುಗಳಿಗೂ ಸ್ಟುಡಿಯೋ ಬಂದಾಗ ಅಮೃತಶಿಲೆಯ ಮೆಟ್ಟಿಲು, ಹಂಸಗಳ ಕೊಳ, ತಾಜಮಹಲು ಬಟ್ಟೆಯ ಮೇಲೆ ಮೂಡಿ ಬಂದವು. ಜಾತ್ರೆಗಳಲ್ಲಿ ರಟ್ಟಿನ ವಿಮಾನದೊಳಗೆ ಕುಳಿತು ಚಿತ್ರ ತೆಗೆಸಿಕೊಂಡವರು ಎಷ್ಟೋ ಮಂದಿ.

ಆ ಪರದೆಗಳನ್ನು ಯಾರೂ ಅಸತ್ಯವೆನ್ನಲಿಲ್ಲ. ಬಟ್ಟೆಯ ಮಡಿಕೆ ಕಾಣುತ್ತಿತ್ತು, ಸರೋವರ ಮುಗಿದಲ್ಲಿ ಜಮಖಾನೆ ಆರಂಭವಾಗುತ್ತಿತ್ತು. 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಸತ್ಯವಚನವನ್ನು 10 ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಸ್ಥಾಪನಾ ಸತ್ಯವೂ ಒಂದು. ಶಿಲೆಯಲ್ಲಿ ಕಡೆದ ಬಿಂಬವನ್ನು ಚಂದ್ರಪ್ರಭನೆಂದು ಕರೆದರೆ ಅದು ಅಸತ್ಯವಲ್ಲ; ಕರೆಯುವವನಿಗೂ ಕೇಳುವವನಿಗೂ ಅದು ಸ್ಥಾಪನೆಯೆಂಬ ಅರಿವಿದೆ. ಚದುರಂಗದ ಕಾಯಿಯನ್ನು ಆನೆ ಎಂದಾಗ ಮಗುವೂ ಅದಕ್ಕೆ ಕಬ್ಬು ತಿನ್ನಿಸಲು ಹೋಗುವುದಿಲ್ಲ. ಬಟ್ಟೆಯ ತಾಜಮಹಲು ಈ ವರ್ಗಕ್ಕೆ ಸೇರಿದುದು.

ಗಣಕಯಂತ್ರವು ಬದಲಿಸಿದುದು ಈ ಅರಿವನ್ನೇ. 1990ರಲ್ಲಿ ಅಡೋಬಿ ಸಂಸ್ಥೆಯು ಫೋಟೋಶಾಪ್ ತಂತ್ರಾಂಶವನ್ನು ಹೊರತಂದಿತು; 1994ರ ಆವೃತ್ತಿಯಲ್ಲಿ ಚಿತ್ರದ ಭಾಗಗಳನ್ನು ಒಂದರ ಮೇಲೊಂದು ಪದರವಾಗಿ ಇಡುವ ಸೌಕರ್ಯ ಬಂದಿತು. ವ್ಯಕ್ತಿಯನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದು, ಆ ಹಸಿರನ್ನು ಅಳಿಸಿ, ಕೆಳಗಿನ ಪದರದಲ್ಲಿ ಬೇಕಾದ ಊರನ್ನು ತಂದು ಕೂಡಿಸುವುದು ಇದರ ಕ್ರಮ. ಮದುಮಗಳ ಹಸಿರು ಬಳೆಗಳು ಈ ಕ್ರಮಕ್ಕೆ ದೊಡ್ಡ ತೊಡಕು: ಹಿನ್ನೆಲೆಯ ಜೊತೆಗೆ ಬಳೆಯೂ ಮಾಯವಾಗಿ ಮುಂಗೈಯಲ್ಲಿ ಹಿಮ ಕಾಣಿಸಿಕೊಳ್ಳುತ್ತದೆ! ಆಗ ನೀಲಿ ಬಟ್ಟೆಯನ್ನು ಕಟ್ಟಬೇಕು. ಕಾಲಡಿಯ ನೆರಳು, ಮುಖದ ಮೇಲಿನ ಬೆಳಕಿನ ದಿಕ್ಕು, ಕೂದಲಿನ ಅಂಚು ಇವು ಸರಿಹೊಂದದೆ ಹೋದಲ್ಲಿ ನೋಡುವವನು ಕೃತಕವೆಂದು ತಿಳಿಯುತ್ತಿದ್ದನು. ಕುಶಲತೆಯ ಕೊರತೆಯೇ ಒಂದು ರೀತಿಯಲ್ಲಿ ಪ್ರಾಮಾಣಿಕತೆಯ ಗುರುತಾಗಿತ್ತು. ಈಗ ಕೃತಕ ಬುದ್ಧಿಮತ್ತೆಯ ನೆರವಿನಿಂದ ಕೈಯಲ್ಲಿನ ಮೊಬೈಲೇ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ಬಟ್ಟೆಯ ಮಡಿಕೆ ಹೇಳುತ್ತಿದ್ದ ಮಾತನ್ನು ಇನ್ನು ಮನುಷ್ಯನೇ ಹೇಳಬೇಕಾಗಿದೆ.

ಲಿಂಗಸುಗೂರು ತಾಲ್ಲೂಕಿನವರಿಗೆ ಇದನ್ನು ಬಂಗಾರದ ಉದಾಹರಣೆಯಿಂದ ವಿವರಿಸುವುದು ಸುಲಭ. ಹಟ್ಟಿಯ ಚಿನ್ನದ ಗಣಿ ಇರುವುದು ಆ ತಾಲ್ಲೂಕಿನಲ್ಲಿಯೇ. ಪೇಟೆಯಲ್ಲಿ ‘ಒಂದು ಗ್ರಾಂ ಗೋಲ್ಡ್’ ಎಂಬ ಹೆಸರಿನ ಸರಗಳೂ ಮಾರಾಟವಾಗುತ್ತವೆ. ಆ ಹೆಸರೇ ವಸ್ತುಸ್ಥಿತಿಯನ್ನು ಹೇಳುವುದರಿಂದ ಕೊಳ್ಳುವವಳಿಗೆ ಮೋಸವಿಲ್ಲ, ಧರಿಸಿದವಳಿಗೆ ಪಾಪವಿಲ್ಲ. ಅದೇ ಸರವನ್ನು ಹಟ್ಟಿಯ ಬಂಗಾರವೆಂದು ಒತ್ತೆಯಿಟ್ಟು ಸಾಲ ತಂದರೆ ಆಗ ವಿಷಯ ಬೇರೆ. ಸರ ಬದಲಾಗಲಿಲ್ಲ, ಅದರ ಮೂಲಕ ಆಡಿದ ಮಾತು ಬದಲಾಯಿತು.

ಹಿನ್ನೆಲೆ ಎಂಬುದು ಕೇವಲ ಅಲಂಕಾರವೆಂದು ತಿಳಿಯುವವರು ಮಸ್ಕಿಯ ಬಂಡೆಯನ್ನು ನೆನೆಯಬೇಕು. 1915ರಲ್ಲಿ ಚಿನ್ನವನ್ನು ಅರಸುತ್ತ ಬಂದ ಬೀಡನ್ ಎಂಬ ಗಣಿ ಇಂಜಿನಿಯರರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಅಲ್ಲಿಯವರೆಗೆ ಶಾಸನಗಳ ಪ್ರಿಯದರ್ಶಿಯೇ ಅಶೋಕನೆಂಬುದನ್ನು ವಿದ್ವಾಂಸರು ಮುಖ್ಯವಾಗಿ ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಅಕ್ಷರಗಳಷ್ಟೇ ಅಲ್ಲ, ಬಂಡೆಯು ಇದ್ದ ಸ್ಥಳವೂ ಸಾಕ್ಷಿ ನುಡಿಯಿತು: ಮೌರ್ಯ ಚಕ್ರವರ್ತಿಯ ಆಜ್ಞೆ ಈ ಸೀಮೆಯವರೆಗೂ ತಲುಪಿತ್ತು. ಅದೇ ಅಕ್ಷರಗಳ ಕಲ್ಲನ್ನು ಯಾರೋ ಬೇರೆ ಪ್ರಾಂತದಿಂದ ತಂದು ಮಸ್ಕಿಯ ಗುಡ್ಡದಲ್ಲಿ ಕೂಡಿಸಿದ್ದರೆ ಇತಿಹಾಸವೇ ತಪ್ಪುತ್ತಿತ್ತು. ಸಾಕ್ಷ್ಯದಲ್ಲಿ ಅರ್ಧ ಭಾಗ ಸ್ಥಳದ್ದು. ಸರ್ಕಾರದ ವಸತಿ ಯೋಜನೆಯಲ್ಲಿ ತಳಪಾಯದ, ಛಾವಣಿಯ ಚಿತ್ರವನ್ನು ನೋಡಿ ಕಂತು ಬಿಡುಗಡೆ ಮಾಡುವಾಗ ಸ್ಥಳದ ಗುರುತನ್ನೂ ಕೇಳುವುದು ಇದೇ ಕಾರಣಕ್ಕೆ.

ಈಗ ಕಠಿಣವಾದ ಪ್ರಸಂಗಕ್ಕೆ ಬರಬಹುದು. ಒಬ್ಬ ವೃದ್ಧ ಶ್ರಾವಿಕೆಯನ್ನು ಕಲ್ಪಿಸಿಕೊಳ್ಳೋಣ. ಶತ್ರುಂಜಯ ಯಾತ್ರೆ ಮಾಡಬೇಕೆಂಬುದು ಆಕೆಯ ಜೀವನದ ಬಯಕೆ. ಮೊದಲು ಅತ್ತೆಯ ಸೇವೆ, ಅನಂತರ ಪತಿಯ ಕಾಯಿಲೆ, ಕೊನೆಗೆ ತನ್ನ ಮೊಣಕಾಲಿನ ನೋವು. ಪಾಲಿತಾಣಾದ 3,500ಕ್ಕೂ ಹೆಚ್ಚು ಮೆಟ್ಟಿಲುಗಳು ಆಕೆಗೆ ದಕ್ಕಲಿಲ್ಲ. ಆಕೆ ಕಾಲವಾದ ಮೇಲೆ ಮಗನು, ತಾಯಿಯ ಆಸೆ ಚಿತ್ರದಲ್ಲಾದರೂ ಈಡೇರಲೆಂದು, ಗಿರಿಯ ಶಿಖರಗಳ ಮುಂದೆ ಆಕೆ ಕೈಮುಗಿದು ನಿಂತಂತೆ ಭಾವಚಿತ್ರ ಮಾಡಿಸುತ್ತಾನೆ. ಇದರಲ್ಲಿ ಕಷಾಯವಿಲ್ಲ, ಲೋಭವಿಲ್ಲ, ಮಾತೃಭಕ್ತಿಯೇ ಇದೆ. ಇದನ್ನು ಅಸತ್ಯವೆಂದು ಖಂಡಿಸುವುದು ನಿಷ್ಠುರತೆಯಾದೀತು. ಆದರೆ ಆ ಚಿತ್ರ ಮಂದಿರದ ಸಭಾಭವನಕ್ಕೆ ಬರುತ್ತದೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವಾಗ ಯಾರೋ ಅದರ ಕೆಳಗೆ ‘ಶತ್ರುಂಜಯ ಯಾತ್ರೆಯ ಸಂದರ್ಭದಲ್ಲಿ’ ಎಂದು ಸೇರಿಸುತ್ತಾರೆ. ಮಗನು ಸುಮ್ಮನಿರುತ್ತಾನೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ 5 ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು ಹುಟ್ಟಿಸುವುದನ್ನು ಹೆಸರಿಸುತ್ತದೆ. ಇಲ್ಲಿ ಬರೆದವನು ತಿಳಿಯದೆ ಬರೆದನು, ತಿಳಿದವನು ಬರೆಯಲಿಲ್ಲ. ಆದರೂ ಸುಳ್ಳು ಬರಹ ಹುಟ್ಟಿತು.

ಇದರಿಂದ ಯಾರಿಗೆ ಹಾನಿ ಎಂದು ಕೇಳಬಹುದು. ಹಾನಿ ಮೊದಲಿಗೆ ಆ ತಾಯಿಗೇ. ಚಾತುರ್ಮಾಸದಲ್ಲಿ ನಿಂತ ಶತ್ರುಂಜಯದ ಯಾತ್ರೆ ಕಾರ್ತಿಕ ಪೂರ್ಣಿಮೆಯಂದು ಮತ್ತೆ ಆರಂಭವಾಗುತ್ತದೆ. ಆ ದಿನ ಗಿರಿಗೆ ಹೋಗಲಾರದ ಶ್ವೇತಾಂಬರ ಮೂರ್ತಿಪೂಜಕ ಬಂಧುಗಳು ತಮ್ಮ ತಮ್ಮ ಊರಿನಲ್ಲಿಯೇ ಬಟ್ಟೆಯ ಮೇಲೆ ಚಿತ್ರಿಸಿದ ಶತ್ರುಂಜಯ ಪಟವನ್ನು ತೂಗುಹಾಕಿ, ಅದರ ಮುಂದೆ ನಿಂತು ವಂದಿಸಿ ಭಾವಯಾತ್ರೆ ಮಾಡುತ್ತಾರೆ. ಪಟದ ಮುಂದೆ ನಿಂತವರು ಪಾಲಿತಾಣಾಕ್ಕೆ ಹೋಗಿ ಬಂದೆವೆಂದು ಹೇಳುವುದಿಲ್ಲ. ಪಟದ ದರ್ಶನವಾಯಿತು ಎನ್ನುತ್ತಾರೆ. ಆ ಶ್ರಾವಿಕೆಯೂ ವರ್ಷ ವರ್ಷ ಹಾಗೆ ನಿಂತವಳೇ ಆಗಿದ್ದರೆ, ಹೋಗಲಾಗದಿದ್ದರೂ ಭಾವದಿಂದ ಏರಿದ ಆ ಗಿರಿ ಆಕೆಯ ನಿಜವಾದ ಸಂಪಾದನೆ. ಹೊಸ ಭಾವಚಿತ್ರವು ಆಕೆ ಹೋಗದ ಯಾತ್ರೆಯನ್ನು ಕೊಟ್ಟು, ಮಾಡಿದ ಯಾತ್ರೆಯನ್ನು ಕಸಿದುಕೊಂಡಿತು. ಮುಂದೆ ಮೊಮ್ಮಕ್ಕಳಿಗೆ ಅಜ್ಜಿಯು ಸುಲಭವಾಗಿ ಊರೂರು ತಿರುಗಿದವಳಂತೆ ಕಾಣುವಳೇ ಹೊರತು, ಮನೆಯ ಭಾರದಿಂದ ತೀರ್ಥವನ್ನು ಬಿಟ್ಟುಕೊಟ್ಟವಳಾಗಿ ಕಾಣಳು.

ವಿವಾಹ ಸಂಬಂಧಕ್ಕಾಗಿ ಕಳುಹಿಸುವ ಚಿತ್ರಗಳ ವಿಷಯದಲ್ಲಿ ಇಷ್ಟು ಮೃದುತ್ವ ಬೇಕಿಲ್ಲ. ವರನು ಯಾರದೋ ಬಂಗಲೆಯ ಮುಂದೆ, ಯಾರದೋ ಕಾರಿಗೆ ಒರಗಿ ನಿಂತಂತೆ ಮಾಡಿದ ಚಿತ್ರ ವ್ಯಾಪಾರವೇ ಸರಿ. ಅಸ್ತೇಯ ವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಹೇಳಿರುವುದು ಒಳ್ಳೆಯ ಸರಕಿನಲ್ಲಿ ಅದರಂತೆಯೇ ಕಾಣುವ ಹೀನ ಸರಕನ್ನು ಬೆರೆಸಿ ಮಾರುವುದನ್ನು. ಸಿಂಧನೂರಿನ ಅಕ್ಕಿಯ ವರ್ತಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ತೋರಿಸಿದ ನಮೂನೆ ಒಂದು, ಚೀಲದಲ್ಲಿ ತುಂಬಿದ್ದು ಇನ್ನೊಂದು ಆದರೆ ಆತ ಮರುವರ್ಷ ಪೇಟೆಯಲ್ಲಿ ತಲೆಯೆತ್ತಲಾರ. ಮಗಳನ್ನು ಕೊಡುವವರಿಗೆ ಚೀಲವನ್ನು ಹಿಂದಿರುಗಿಸುವ ಅವಕಾಶವೂ ಇಲ್ಲ.

ಇವೆರಡರ ನಡುವೆ ನಿಲ್ಲುವ ಪ್ರಸಂಗವೂ ಒಂದುಂಟು. ಮಗಳ ಮದುವೆಗೆ ಮೊದಲೇ ತೀರಿಕೊಂಡ ತಂದೆಯನ್ನು ಹಳೆಯ ಚಿತ್ರದಿಂದ ಬಿಡಿಸಿ ತಂದು ಮಂಟಪದಲ್ಲಿ ವಧುವಿನ ಪಕ್ಕದಲ್ಲಿ ನಿಲ್ಲಿಸಿಕೊಡಿ ಎಂದು ಸ್ಟುಡಿಯೋಗಳಿಗೆ ಬರುವವರಿದ್ದಾರೆ. ಮದುವೆಗೆ ಬಂದವರೆಲ್ಲರಿಗೂ ಸತ್ಯ ತಿಳಿದಿರುವುದರಿಂದ ಇದರಲ್ಲಿ ವಂಚನೆಯಿಲ್ಲ. ಇದನ್ನೂ ಸ್ಥಾಪನೆಯೆಂದೇ ತಿಳಿಯಬಹುದು. ಆದರೆ ಹಿಂದೆ ಹಾರ ಹಾಕಿದ ಚೌಕಟ್ಟನ್ನೇ ಒಂದು ಕುರ್ಚಿಯ ಮೇಲಿಟ್ಟು ಗುಂಪಿನ ಚಿತ್ರ ತೆಗೆಸುತ್ತಿದ್ದರು. ಅದರಲ್ಲಿ ತಂದೆಯ ಸ್ಥಾನವೂ ಇತ್ತು, ತಂದೆಯ ಅಗಲಿಕೆಯೂ ಇತ್ತು. ಹೊಸ ಚಿತ್ರದಲ್ಲಿ ಸ್ಥಾನ ಮಾತ್ರ ಉಳಿದಿದೆ. ದುಃಖದಲ್ಲಿರುವ ಮನೆಯವರ ಮುಂದೆ ಇದನ್ನು ವಾದಿಸಲು ಹೋಗುವುದು ಉಚಿತವಲ್ಲ, ಆದರೂ ಹಳೆಯ ಕ್ರಮವೇ ಮೇಲೆಂದು ತೋರುತ್ತದೆ.

ಮಂದಿರಗಳ ಟ್ರಸ್ಟ್‌ಗಳು ಈ ಕುರಿತು ದೊಡ್ಡ ನಿರ್ಣಯಗಳನ್ನೇನೂ ಅಂಗೀಕರಿಸಬೇಕಾಗಿಲ್ಲ. ಸಭಾಭವನಕ್ಕೆ ಅಥವಾ ಸ್ಮರಣ ಸಂಚಿಕೆಗೆ ಭಾವಚಿತ್ರವನ್ನು ಸ್ವೀಕರಿಸುವಾಗ, ದೇಣಿಗೆಗೆ ರಸೀದಿ ಬರೆಯುವಂತೆಯೇ, ಚಿತ್ರ ಎಲ್ಲಿ ತೆಗೆದುದು, ಯಾವ ವರ್ಷ, ಹಿನ್ನೆಲೆ ಕೂಡಿಸಿದುದೇ ಎಂದು ಕೇಳಿ ಚೌಕಟ್ಟಿನ ಬೆನ್ನಿಗೆ 2 ಸಾಲು ಬರೆದು ಅಂಟಿಸಿದರೆ ಸಾಕು. ಆ ತಾಯಿಯ ಚಿತ್ರದ ಹಿಂದೆ, ಇದು ಮನೆಯಲ್ಲಿ ತೆಗೆದುದೆಂದೂ ಗಿರಿಯನ್ನು ಮಗನು ಸೇರಿಸಿದನೆಂದೂ ಇದ್ದಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸುವ ಅಗತ್ಯವೇ ಇಲ್ಲ. ಇನ್ನು ವಿವಾಹದ ಆಲ್ಬಮ್‌ಗಳಿಗೆ ಕೊನೆಯ ಪುಟವಿದೆ. ಸದ್ಯಕ್ಕೆ ಅಲ್ಲಿ ಸ್ಟುಡಿಯೋದ ಹೆಸರು ಮತ್ತು ದೂರವಾಣಿ ಸಂಖ್ಯೆ ಮಾತ್ರ ಅಚ್ಚಾಗುತ್ತಿವೆ.