ಓದಿನ ಸಾಲ, ಓದಿನ ಋಣ

ಜೂನ್ ತಿಂಗಳು ಬಂತೆಂದರೆ ದೆಹಲಿಯ ಕನ್ನಡ ಮನೆಗಳಲ್ಲಿ ಬಿಸಿಲಿಗಿಂತ ಕಾಲೇಜು ಸೀಟಿನ ಕಾವೇ ಹೆಚ್ಚು. ಜೆಇಇ ಫಲಿತಾಂಶ ಬಂದಿರುತ್ತದೆ. ಬಯಸಿದ ಕಂಪ್ಯೂಟರ್ ವಿಭಾಗಕ್ಕೆ ರ್‍ಯಾಂಕು ಸಾಲದು. ಎಂಜಿನಿಯರಿಂಗ್ ಫಿಸಿಕ್ಸ್ ಸಿಗುತ್ತದೆ. ಮಗಳೋ ಮಗನೋ ಅದನ್ನೇ ಮನಸಾರೆ ಬಯಸಿದ ಮನೆಗಳೂ ಉಂಟು. ಎರಡು ಕಡೆಯಲ್ಲೂ ಹಿರಿಯರ ಪ್ರಶ್ನೆ ಒಂದೇ: ಓದಿದ ಮೇಲೆ ಎಷ್ಟು ಬರುತ್ತದೆ, ಮಾಡಿದ ಸಾಲ ತೀರುತ್ತದೆಯೆ? ವಿದ್ಯೆಯನ್ನು ಹೀಗೆ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯೆ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಇದು ಭೌತಶಾಸ್ತ್ರಕ್ಕೂ ಎಂಜಿನಿಯರಿಂಗಿಗೂ ನಡುವಣ ಓದು. ಕ್ವಾಂಟಮ್ ಸಿದ್ಧಾಂತ, ವಿದ್ಯುತ್ಕಾಂತತೆ, ಅರೆವಾಹಕ, ಲೇಸರ್. ಜೊತೆಗೆ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್. ಹೌಜ್ ಖಾಸಿನ ಐಐಟಿಯಲ್ಲಿ ಇದಿದೆ. 1941ರಲ್ಲಿ ಕಾಶ್ಮೀರಿ ಗೇಟಿನಲ್ಲಿ ಪಾಲಿಟೆಕ್ನಿಕ್ಕಾಗಿ ಹುಟ್ಟಿ, 2009ರಲ್ಲಿ ವಿಶ್ವವಿದ್ಯಾಲಯವಾದ ಬವಾನಾ ರಸ್ತೆಯ ಡಿಟಿಯುವಿನಲ್ಲೂ ಇದೆ. ಡಿಟಿಯುವಿನಲ್ಲಿ ಶೇಕಡಾ 85 ಸೀಟುಗಳು ದೆಹಲಿಯ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ. ನೋಯ್ಡಾದಲ್ಲೋ ಗುರುಗ್ರಾಮದಲ್ಲೋ ಓದಿದ ಮಕ್ಕಳು, ತಂದೆಯ ಕಚೇರಿ ದೆಹಲಿಯಲ್ಲೇ ಇದ್ದರೂ, ಸಾಮಾನ್ಯವಾಗಿ ಹೊರಗಿನವರ ಸಾಲಿಗೇ ಸೇರುತ್ತಾರೆ.

ಈ ಪದವಿ ಪಡೆದವರಲ್ಲಿ ಅನೇಕರು ಸಾಫ್ಟ್‌ವೇರ್ ಮತ್ತು ದತ್ತಾಂಶದ ಕೆಲಸಗಳಿಗೆ ಹೋಗುತ್ತಾರೆ. ಭೌತಶಾಸ್ತ್ರವೇ ಬೇಕೆಂಬುವರು ಇನ್ನೂ ಐದಾರು ವರ್ಷ ಓದಬೇಕು. ಸರ್ಕಾರ 2021ರಲ್ಲಿ ಅರೆವಾಹಕ ಕೈಗಾರಿಕೆಗೆ 76,000 ಕೋಟಿ ರೂಪಾಯಿಯ ಯೋಜನೆಯನ್ನೂ, 2023ರಲ್ಲಿ ಸುಮಾರು 6,000 ಕೋಟಿಯ ಕ್ವಾಂಟಮ್ ಮಿಷನ್ನನ್ನೂ ಮಂಜೂರು ಮಾಡಿತು. ಇವು ಆಸೆ ಹುಟ್ಟಿಸುವ ಸಂಗತಿಗಳೇ. ಆದರೆ ಯೋಜನೆಯ ಘೋಷಣೆ ನೇಮಕಾತಿ ಪತ್ರವಲ್ಲ.

ಇನ್ನು ಸಾಲದ ಲೆಕ್ಕ. ವರ್ಷದ ಆರಂಭಕ್ಕೆ 2 ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇಕಡಾ 9 ಎಂದು ಹಿಡಿಯೋಣ. ಓದು ಮುಗಿದು ಒಂದು ವರ್ಷದವರೆಗೆ ಸಾಮಾನ್ಯವಾಗಿ ಕಂತು ಕಟ್ಟಬೇಕಾಗಿಲ್ಲ. ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯ ಲೆಕ್ಕದಲ್ಲೇ ಆ ಐದು ವರ್ಷಕ್ಕೆ ಅದು 2,52,000 ರೂಪಾಯಿ. ಒಟ್ಟು 10,52,000 ರೂಪಾಯಿಯನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 13,300 ಕಟ್ಟಬೇಕು. ಕೊನೆಗೆ ಕಟ್ಟಿದ್ದು ಸುಮಾರು 16 ಲಕ್ಷ. ಎಂಟು ಹದಿನಾರಾಯಿತು.

ಸಾಫ್ಟ್‌ವೇರ್ ಕೆಲಸದಲ್ಲಿ 70,000 ಸಂಬಳ ಬರುವವರಿಗೆ ಇದು ಭಾರವಲ್ಲ. ಸಂಶೋಧನೆಗೆ ಹೋದವರಿಗೆ? ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಮುಂದಿನ ಓದಿಗಾಗಿ ಕಂತನ್ನು ಮುಂದೂಡಲು ಬ್ಯಾಂಕು ಒಪ್ಪಿದರೂ ಬಡ್ಡಿ ಕಾಯುವುದಿಲ್ಲ.

ಕೆಲವು ಅನುಕೂಲಗಳೂ ಇವೆ. ಐಐಟಿಗಳಲ್ಲಿ 2016ರಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷವಾದಾಗಲೇ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೂ, 1 ಲಕ್ಷಕ್ಕಿಂತ ಕಡಿಮೆ ವರಮಾನದ ಮನೆಯವರಿಗೂ ಅದು ಪೂರ್ತಿ ಮಾಫಿಯಾಯಿತು. 1ರಿಂದ 5 ಲಕ್ಷದವರಿಗೆ ಮೂರರಲ್ಲಿ ಎರಡು ಪಾಲು. 2024ರ ನವೆಂಬರಿನಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನವಿಲ್ಲದ ಸಾಲ ಸಿಗುತ್ತದೆ. ಸಹಿ ಹಾಕುವ ಮೊದಲು ಇವನ್ನೆಲ್ಲ ವಿಚಾರಿಸುವುದು ವಿವೇಕ.

ಇಷ್ಟು ಲೆಕ್ಕವಾದ ಮೇಲೆ ಮೂಲ ಪ್ರಶ್ನೆಗೆ ಬರೋಣ. ಸರಸ್ವತಿಯ ಮುಂದೆ ಸಂಬಳದ ಮಾತು ಆಡುವುದು ಕೀಳೆನ್ನುವವರಿದ್ದಾರೆ. ಆದರೆ ನಾವು, ಊರು ಬಿಟ್ಟು ಎರಡು ಸಾವಿರ ಕಿಲೋಮೀಟರ್ ದೂರ ಬಂದವರು, ಜ್ಞಾನವನ್ನು ಹುಡುಕಿಕೊಂಡು ಬಂದೆವೆ? ಬಹುಮಟ್ಟಿಗೆ ಉದ್ಯೋಗಕ್ಕಾಗಿ ಬಂದೆವು. ಹೊಟ್ಟೆಪಾಡು ನಮಗೆ ಗೌರವದ ಕಾರಣವಾಗಿದ್ದರೆ ಮಕ್ಕಳಿಗೆ ಅಗೌರವದ ಕಾರಣ ಹೇಗಾದೀತು? ಸಿ.ವಿ. ರಾಮನ್ನರೇ 1907ರಲ್ಲಿ ಹಣಕಾಸು ಇಲಾಖೆಯ ನೌಕರಿ ಹಿಡಿದರು. ಕಲ್ಕತ್ತೆಯಲ್ಲಿ ಕಚೇರಿಯ ಹೊತ್ತಿನಾಚೆಗೆ ಪ್ರಯೋಗ ನಡೆಸಿದರು. ಹತ್ತು ವರ್ಷಗಳ ನಂತರ, 1917ರಲ್ಲಿ, ಕಡಿಮೆ ಸಂಬಳದ ಪ್ರಾಧ್ಯಾಪಕ ಪದವಿಗಾಗಿ ಆ ನೌಕರಿಯನ್ನು ಬಿಟ್ಟರು. ಸಂಬಳದ ಲೆಕ್ಕವೂ ವಿದ್ಯೆಯ ಹಸಿವೂ ಒಬ್ಬನೇ ಮನುಷ್ಯನಲ್ಲಿ ಕೂಡಿ ಬಾಳಬಲ್ಲವು.

ಹಾಗಾದರೆ ಕೇಡು ಎಲ್ಲಿದೆ? ನಮಗೆ ತೋರುವಂತೆ, ಸಾಲ ಮೊದಲು ಕಿತ್ತುಕೊಳ್ಳುವುದು ಕಾಯುವ ಸ್ವಾತಂತ್ರ್ಯವನ್ನು. ಭೌತಶಾಸ್ತ್ರವಾದರೋ ಕಾಯುವವರ ವಿದ್ಯೆ. ಅದನ್ನು ಓದಲೆಂದು ಮಾಡಿದ ಸಾಲವೇ ಅದನ್ನು ಬಿಡುವಂತೆ ಮಾಡಿದರೆ ಅದಕ್ಕಿಂತ ವಿಪರ್ಯಾಸ ಬೇರೆ ಉಂಟೆ? ಆದ್ದರಿಂದ ಭೌತಶಾಸ್ತ್ರದ ಮೇಲೆ ನಿಜವಾದ ಒಲವುಳ್ಳ ಮಗುವಿಗೇ ಸಾಲ ಆದಷ್ಟು ಕಡಿಮೆ ಇರಬೇಕು. ಅಂಥವರಿಗೆ ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ಆನರ್ಸ್, 2011ರಲ್ಲಿ ಆರಂಭವಾದ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ವಿಜ್ಞಾನ ಪದವಿ ಮೊದಲಾದ ದಾರಿಗಳಿವೆ. ಎಂಜಿನಿಯರಿಂಗ್ ಎಂಬ ಹೆಸರಿಲ್ಲವೆಂದು ನಾಚಬೇಕಾಗಿಲ್ಲ. ಸಾಫ್ಟ್‌ವೇರ್ ಕೆಲಸವೇ ಗುರಿಯಾದರೆ ಅದನ್ನು ಬಾಯಿಬಿಟ್ಟು ಹೇಳಿ, ಅದಕ್ಕೆ ಯಾವ ಕಾಲೇಜು, ಎಷ್ಟು ಖರ್ಚು ಎಂದು ಹೋಲಿಸಿ ನೋಡಲಿ. ಅದರಲ್ಲೂ ತಪ್ಪಿಲ್ಲ. ಮನಸ್ಸಿನಲ್ಲೊಂದು, ಅರ್ಜಿಯಲ್ಲೊಂದು ಇದ್ದಾಗಲೇ ತೊಂದರೆ.

ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಮಠಗಳ, ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳಿದ್ದವು. 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ ಎಚ್. ನರಸಿಂಹಯ್ಯ ಭೌತಶಾಸ್ತ್ರ ಓದಿ, ಓಹಾಯೋದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆದರೂ ದಶಕಗಳ ಕಾಲ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಇದ್ದು ಇತರರ ಓದಿಗೆ ಆಸರೆಯಾದರು. ಅನ್ನವಿಟ್ಟ ಮನೆಗೆ ಕಂತು ಕಟ್ಟಬೇಕಾಗಿರಲಿಲ್ಲ. ಇನ್ನೊಬ್ಬನಿಗೆ ಅನ್ನವಿಟ್ಟರೆ ಋಣ ಸಂದಂತೆ. ಬ್ಯಾಂಕಿನ ಸಾಲಕ್ಕೆ ತಾರೀಖು ಗೊತ್ತು, ಮೊತ್ತ ಗೊತ್ತು. ತೀರಿದ ದಿನ ಸಂಬಂಧವೂ ತೀರಿತು.

ಈ ಎರಡನ್ನೂ ಕಲಸಿಬಿಡುವುದು ತಂದೆ ತಾಯಿಗಳಾದ ನಮಗೆ ಸುಲಭವಾಗಿ ಅಂಟುವ ದೋಷ. ಮೈಸೂರಿನಲ್ಲೋ ಧಾರವಾಡದಲ್ಲೋ ನಿವೃತ್ತಿಗೆಂದು ಇಟ್ಟ ಸೈಟನ್ನು ಮಕ್ಕಳಿಗೆ ತಿಳಿಸದೆ ಮಾರುತ್ತೇವೆ. ಆಮೇಲೆ ಬಾಳೆಲ್ಲ "ನಿನಗಾಗಿ ಸೈಟು ಮಾರಿದೆವು" ಎನ್ನುತ್ತೇವೆ. ಬ್ಯಾಂಕಿನ ಬಡ್ಡಿ ಶೇಕಡಾ 9. ಈ ಮಾತಿನ ಬಡ್ಡಿಗೆ ಮಿತಿಯಿಲ್ಲ. ಸಾಲದ ಕಾಗದಕ್ಕೆ ವಿದ್ಯಾರ್ಥಿಯದೂ ಪೋಷಕರದೂ ಎರಡು ಸಹಿ ಬೀಳುತ್ತವೆ. ಎರಡು ಸಹಿ ಇರುವಲ್ಲಿ ನಿರ್ಧಾರವೂ ಇಬ್ಬರದಾಗಿರಬೇಕು. ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ, ಉಳಿತಾಯ ಎಷ್ಟು, ಮಗಳ ಕಂತು ನಿಂತರೆ ಅಪ್ಪನ ಪಿಂಚಣಿ ತಡೆದೀತೆ ಎಂಬುದೆಲ್ಲ ಹದಿನೆಂಟು ವರ್ಷದವರಿಗೆ ತಿಳಿಯಲಿ. ಬಚ್ಚಿಟ್ಟ ತ್ಯಾಗಕ್ಕಿಂತ ಬಿಚ್ಚಿಟ್ಟ ಲೆಕ್ಕ ಮೇಲು.

ಸಂಘದವರಾದ ನಾವೂ ಒಂದು ಕೆಲಸ ಮಾಡಬಹುದು. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ. ಇಂದು ಮಕ್ಕಳಿಗೆ ವಾರಾನ್ನ ಬೇಕಾಗಿಲ್ಲ. ಬಲ್ಲವರೊಡನೆ ಒಂದು ಭಾನುವಾರದ ಮಾತುಕತೆ ಬೇಕಾಗಿದೆ. ನಮ್ಮನ್ನು ಓದಿಸಿದವರ ಋಣವನ್ನು ಅಷ್ಟರಮಟ್ಟಿಗಾದರೂ ಸಲ್ಲಿಸೋಣ.