ವಾರ್ಧಕ್ಯದಲ್ಲಿ ಕರ್ತೃತ್ವ

ಮುಪ್ಪು ದೇಹಧರ್ಮ. ಅದನ್ನು ತಡೆಯುವ ಶಕ್ತಿ ಯಾವ ರಾಜ್ಯಾಡಳಿತಕ್ಕೂ ಇಲ್ಲ. ಆದರೆ ಮುಪ್ಪಡರಿದವರು ಮನೆಯಲ್ಲಿ, ಊರಿನಲ್ಲಿ, ಸಮಾಜದಲ್ಲಿ ಯಾವ ಸ್ಥಾನದಲ್ಲಿರಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರೇ. ಆದ್ದರಿಂದ ಅದು ನೀತಿವಿಚಾರಕ್ಕೆ ಒಳಪಡುತ್ತದೆ. 2011ರ ಜನಗಣತಿಯಂತೆ ಭಾರತದಲ್ಲಿ 60 ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಇವರಿಗೆ ಸಮಾಜವು ಸಲ್ಲಿಸಬೇಕಾದುದೇನು ಎಂದು ಕೇಳಿದರೆ ಅನ್ನ, ಔಷಧ, ಆಶ್ರಯ ಎಂಬ ಉತ್ತರ ಕೂಡಲೇ ಬರುತ್ತದೆ. ಆ ಉತ್ತರ ಸರಿಯಾದುದೇ. ಅಷ್ಟರಿಂದ ಕರ್ತವ್ಯ ಪೂರೈಸಿತೇ ಎಂಬುದು ಮಾತ್ರ ವಿಚಾರಾರ್ಹ.

ಭಾರತ ಸರ್ಕಾರವು 1999ರಲ್ಲಿ ಹಿರಿಯರ ಬಗೆಗೆ ರಾಷ್ಟ್ರೀಯ ನೀತಿಯೊಂದನ್ನು ಪ್ರಕಟಿಸಿತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯಿದೆ ಬಂದಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೋರಿ ನ್ಯಾಯಮಂಡಳಿಯ ಮೊರೆಹೋಗಲು ಇದು ಅವಕಾಶ ಕಲ್ಪಿಸಿತು. ಮೂಲ ಕಾಯಿದೆಯಲ್ಲಿ ಈ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಕಾಯಿದೆ ಜಾರಿಗೆ ಬಂದ ಮೇಲೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಪಡೆದವರು ಆ ಷರತ್ತನ್ನು ಪಾಲಿಸದಿದ್ದರೆ, ಆ ವರ್ಗಾವಣೆಯನ್ನು ಅಸಿಂಧುವೆಂದು ಸಾರುವ ಅಧಿಕಾರವೂ ನ್ಯಾಯಮಂಡಳಿಗೆ ಉಂಟು. ಹೆತ್ತವರು ಬೀದಿಗೆ ಬೀಳುವ ಕಾಲದಲ್ಲಿ ಇಂತಹ ಕಾಯಿದೆ ಅಗತ್ಯ. ಆದರೂ ಇದರಲ್ಲಿ ಹಿರಿಯರು ಕಾಣಿಸಿಕೊಳ್ಳುವುದು ಅರ್ಜಿದಾರರಾಗಿ ಮಾತ್ರ. ಹಸಿವನ್ನು ನೀಗಿಸುವ ದಾರಿ ಅಲ್ಲಿದೆ. ಹೊಟ್ಟೆ ತುಂಬಿದ ಮೇಲೆ ಉಳಿಯುವ ದೀರ್ಘ ಹಗಲಿಗೆ ಅಲ್ಲಿ ಉತ್ತರವಿಲ್ಲ.

ಈ ಕೊರತೆಯನ್ನು ಗುರುತಿಸಿದ ಚಿಂತನೆ ಲೋಕದಲ್ಲಿ ಬೆಳೆದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ‘ಕ್ರಿಯಾಶೀಲ ವಾರ್ಧಕ್ಯ’ವೆಂಬ ನೀತಿಯನ್ನು ಮುಂದಿಟ್ಟು, ಆರೋಗ್ಯ, ಸಹಭಾಗಿತ್ವ, ಭದ್ರತೆ ಎಂಬ ಮೂರು ಆಧಾರಗಳನ್ನು ಹೇಳಿತು. 2015ರ ಅದರ ವರದಿಯು ಒಂದು ಹೆಜ್ಜೆ ಮುಂದೆ ಹೋಗಿ, ರೋಗವಿಲ್ಲದಿರುವುದೇ ಆರೋಗ್ಯಕರ ವಾರ್ಧಕ್ಯವೆಂಬ ಎಣಿಕೆಯನ್ನು ಕೈಬಿಟ್ಟಿತು. ತಮಗೆ ಮುಖ್ಯವೆನಿಸಿದ ಕೆಲಸವನ್ನು ಮಾಡುವ ಸಾಮರ್ಥ್ಯ ಉಳಿದಿರುವುದೇ ಅದರ ಲಕ್ಷಣವೆಂದಿತು. ಈ ಸಾಮರ್ಥ್ಯದಲ್ಲಿ ದೇಹದ ಪಾಲೊಂದು, ಪರಿಸರದ ಪಾಲೊಂದು. ವಿಶ್ವಸಂಸ್ಥೆಯು 2021ರಿಂದ 2030ರವರೆಗಿನ ದಶಕವನ್ನು ಆರೋಗ್ಯಕರ ವಾರ್ಧಕ್ಯಕ್ಕೆ ಮೀಸಲಿಟ್ಟಿರುವುದು ಈ ತತ್ತ್ವದ ಮೇಲೆಯೇ.

ಇದರ ಅರ್ಥ ನಿತ್ಯಜೀವನದಲ್ಲಿ ಸ್ಪಷ್ಟವಾಗುತ್ತದೆ. ಮಂಡಿನೋವಿನ ವೃದ್ಧೆ ಬಸ್ಸಿನ ಎತ್ತರದ ಮೆಟ್ಟಿಲನ್ನು ಏರಲಾರಳು. ಮೆಟ್ಟಿಲು ತಗ್ಗಿದರೆ ಅದೇ ಮಂಡಿಯಿಂದಲೇ ಏರುತ್ತಾಳೆ. ಕಣ್ಣಿನ ಪೊರೆ ತೆಗೆಸಿಕೊಂಡ ವೃದ್ಧನು ಮತ್ತೆ ಗ್ರಂಥವನ್ನು ಕೈಗೆತ್ತಿಕೊಳ್ಳುತ್ತಾನೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವ ಪದ್ಧತಿಯೂ ಇಂಥದೇ ವಿವೇಕದ ಫಲ. ಕಾಲಿನ ಅಶಕ್ತಿ ದರ್ಶನಕ್ಕೆ ಅಡ್ಡಿಯಾಗಬಾರದೆಂಬ ಭಾವ ಅದರಲ್ಲಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ವಾರ್ಧಕ್ಯವನ್ನು ಉದ್ದೇಶಿಸಿ ರೂಪಿಸಿದ್ದಲ್ಲ. ಆದರೂ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿದ ಈ ಯೋಜನೆಯಿಂದ, ಮಗಳ ಮನೆಗೋ ಆಸ್ಪತ್ರೆಗೋ ಕ್ಷೇತ್ರಕ್ಕೋ ಹೋಗಬಯಸುವ ವೃದ್ಧೆಯು ಟಿಕೆಟಿನ ಹಣಕ್ಕಾಗಿ ಮಗನ ಮುಂದೆ ಕೈಚಾಚಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ 2020ರ ಮಾರ್ಚಿಯಲ್ಲಿ ಹಿರಿಯ ನಾಗರಿಕರ ರೈಲು ಪ್ರಯಾಣದ ರಿಯಾಯಿತಿಯನ್ನು ಹಿಂತೆಗೆದುಕೊಂಡಾಗ, ಪುರುಷರು ಶೇಕಡಾ 40ರ ಹಾಗೂ ಮಹಿಳೆಯರು ಶೇಕಡಾ 50ರ ಸೌಲಭ್ಯವನ್ನು ಕಳೆದುಕೊಂಡರು. ಲೆಕ್ಕಪತ್ರದಲ್ಲಿ ಅದು ಉಳಿತಾಯ. ಹಲವು ಹಿರಿಯರ ಬಾಳಿನಲ್ಲಿ ಅದು ಕೈಬಿಟ್ಟ ಯಾತ್ರೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕ್ರಿಯಾಶೀಲತೆಯನ್ನೇ ಹಿರಿಮೆಯೆಂದು ಸಾರಿದರೆ ಹಾಸಿಗೆ ಹಿಡಿದವರ ಗತಿಯೇನು? ಪ್ರಾತಃಕಾಲದಲ್ಲಿ ನಡೆದಾಡುವ ವೃದ್ಧನು ಪ್ರಶಂಸೆಗೆ ಪಾತ್ರನಾಗಿ, ನೆನಪು ಅಳಿದ ವೃದ್ಧನು ತನ್ನ ತಪ್ಪಿನಿಂದಲೇ ಸೋತವನಂತೆ ಕಾಣುವ ಅಪಾಯವಿದೆ. ‘ದುಡಿಯಬಲ್ಲಿರಿ, ಆದ್ದರಿಂದ ನೆರವು ಬೇಡ’ ಎನ್ನಲು ಸರ್ಕಾರಕ್ಕೂ ಇದು ನೆಪವಾಗಬಹುದು. ಆದ್ದರಿಂದ ವಿವೇಕವು ಇಲ್ಲಿ ಒಂದು ಗೆರೆಯನ್ನು ಎಳೆಯಬೇಕು. ಕ್ರಿಯಾಶೀಲವಾಗಿರುವುದು ಹಿರಿಯರ ಹಕ್ಕು. ಅದು ಗೌರವಕ್ಕೆ ತೆರಬೇಕಾದ ಶುಲ್ಕವಾಗಬಾರದು.

ಎರಡನ್ನೂ ಒಟ್ಟಿಗೆ ನಡೆಸಬಹುದೆಂಬುದಕ್ಕೆ ಜಪಾನ್ ನಿದರ್ಶನ. ನಿವೃತ್ತರಿಗೆ ತಮ್ಮ ಊರಿನಲ್ಲೇ ಹಗುರವಾದ, ಅಲ್ಪಾವಧಿಯ ಕೆಲಸ ಒದಗಿಸುವ ಕೇಂದ್ರಗಳು ಅಲ್ಲಿ 1970ರ ದಶಕದಲ್ಲಿ ಹುಟ್ಟಿ ದೇಶದಾದ್ಯಂತ ಹರಡಿದವು. ಜೊತೆಗೆ, 2000ದ ಏಪ್ರಿಲಿನಲ್ಲಿ ಆ ದೇಶವು ದೀರ್ಘಕಾಲದ ಆರೈಕೆಗಾಗಿಯೇ ಒಂದು ಸಾರ್ವಜನಿಕ ವಿಮೆಯನ್ನು ಜಾರಿಗೆ ತಂದಿತು. 40 ವರ್ಷ ದಾಟಿದವರು ಅದಕ್ಕೆ ವಂತಿಗೆ ಸಲ್ಲಿಸುತ್ತಾರೆ. ಸುಮಾರು ಅರ್ಧದಷ್ಟು ಹಣ ಸಾರ್ವಜನಿಕ ಬೊಕ್ಕಸದಿಂದ ಬರುತ್ತದೆ. ಅಶಕ್ತರಾದ ಹಿರಿಯರಿಗೆ ಮನೆಯಲ್ಲಿಯೋ ಕೇಂದ್ರದಲ್ಲಿಯೋ ತರಬೇತಿ ಪಡೆದವರ ಆರೈಕೆ ದೊರೆಯುತ್ತದೆ. ಈ ವಿಮೆಯ ಹಿಂದೆ ಒಂದು ಕಹಿಸತ್ಯವಿತ್ತು. ‘ಕುಟುಂಬವೇ ನೋಡಿಕೊಳ್ಳುತ್ತದೆ’ ಎಂದಾಗ ನಿಜವಾಗಿ ನೋಡಿಕೊಳ್ಳುತ್ತಿದ್ದವರು ಹೆಚ್ಚಾಗಿ ಮಡದಿ, ಸೊಸೆ, ಮಗಳು. ಭಾರತದ ಮನೆಗಳಲ್ಲಿಯೂ ಈ ಮಾತು ಸುಳ್ಳಲ್ಲ. ಎಂಬತ್ತೈದರ ಅತ್ತೆಯನ್ನು ಎತ್ತಿ ಕೂರಿಸುವ ಸೊಸೆಗೆ ತಾನೇ ಅರುವತ್ತು ತುಂಬಿರುವುದುಂಟು. ಅವಳ ಬೆನ್ನುನೋವನ್ನು ಸಂಸ್ಕೃತಿಯ ಹಿರಿಮೆಯೆಂದು ಕೊಂಡಾಡಿ ಸುಮ್ಮನಾಗುವ ನೀತಿಯು ನ್ಯಾಯವಾದೀತೇ?

ಜೈನ ಆಚಾರಶಾಸ್ತ್ರದಲ್ಲಿ ಈ ವಿಚಾರಕ್ಕೆ ಒದಗುವ ಒಂದು ಸೂಕ್ಷ್ಮವಿದೆ. ಆರು ಅಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವು ವಿನಯದ ಬೆನ್ನಿಗೇ ಬರುತ್ತದೆ. ವಿನಯವಿಲ್ಲದ ಸೇವೆ ಬರಿಯ ನಿರ್ವಹಣೆಯಾದೀತೆಂಬ ಎಚ್ಚರವನ್ನು ಈ ಕ್ರಮದಲ್ಲಿ ಕಾಣಬಹುದು. ಮುನಿಸಂಘದಲ್ಲಿ ವೈಯಾವೃತ್ಯಕ್ಕೆ ಪಾತ್ರರಾದವರ ಎಣಿಕೆಯಲ್ಲಿ ಆಚಾರ್ಯನೂ ಇದ್ದಾನೆ, ಕಲಿಯುತ್ತಿರುವ ಶೈಕ್ಷನೂ ಇದ್ದಾನೆ, ರೋಗದಿಂದ ಬಳಲಿದ ಗ್ಲಾನನೂ ಇದ್ದಾನೆ. ಸೇವೆಗೆ ಅರ್ಹತೆಯನ್ನು ಅಲ್ಲಿ ಉಪಯುಕ್ತತೆಯಿಂದ ಅಳೆದಿಲ್ಲ. ಗೃಹಸ್ಥರ ಸಮಾಜಕ್ಕೂ ಈ ಅಳತೆ ಅನ್ವಯಿಸತಕ್ಕದ್ದು.

ಸಾರ್ವಜನಿಕ ನೀತಿಯೆಂದರೆ ರಾಜಧಾನಿಯಲ್ಲಿ ರಚಿತವಾಗುವುದಷ್ಟೇ ಎಂದು ಭಾವಿಸಬೇಕಾಗಿಲ್ಲ. ಬಸದಿಯ ಆಡಳಿತ ಮಂಡಳಿ, ಸಮುದಾಯ ಭವನದ ಸಮಿತಿ, ವಿದ್ಯಾರ್ಥಿನಿಲಯದ ಟ್ರಸ್ಟ್ ಇವೆಲ್ಲವೂ ತಮ್ಮ ಮಿತಿಯಲ್ಲಿ ನೀತಿಯನ್ನು ರೂಪಿಸುತ್ತವೆ. ಮೆಟ್ಟಿಲಿಗೆ ಹಿಡಿಕಂಬಿ, ಪ್ರವಚನ ಮಂದಿರದಲ್ಲಿ ಕೆಲವು ಬೆನ್ನೊರಗು ಕುರ್ಚಿ, ಹತ್ತಿರದಲ್ಲಿ ಜಾರದ ನೆಲದ ಶೌಚಾಲಯ ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. ನಿವೃತ್ತ ಲೆಕ್ಕಿಗರು ಟ್ರಸ್ಟಿನ ಲೆಕ್ಕವನ್ನು ನೋಡಬಲ್ಲರು. ನಿವೃತ್ತ ಶಿಕ್ಷಕಿಯರು ನಿಲಯದ ಮಕ್ಕಳಿಗೆ ಸಂಜೆಯ ಪಾಠ ಹೇಳಬಲ್ಲರು. ಹೊರಗೆ ಬರಲಾರದವರ ಮನೆಗೆ ವಾರಕ್ಕೊಮ್ಮೆ ಹೋಗಿ, ಆರೈಕೆ ಮಾಡುವವರಿಗೆ ಅರ್ಧ ದಿನದ ಬಿಡುವು ಕೊಡುವ ತಂಡವನ್ನೂ ಕಟ್ಟಬಹುದು.

ಇವೆಲ್ಲಕ್ಕೂ ಮೊದಲು ಆಗಬೇಕಾದ ಕಾರ್ಯವೊಂದಿದೆ. ಹಿರಿಯರಿಗಾಗಿ ಏನು ಮಾಡಬೇಕೆಂದು ಸಭೆ ಸೇರುವವರು ಆ ಸಭೆಗೆ ಹಿರಿಯರನ್ನೇ ಕರೆಯಬೇಕು; ಬರಲಾರದವರ ಬಳಿಗೆ ತಾವೇ ಹೋಗಿ ಕೇಳಬೇಕು. ಸನ್ಮಾನದ ಶಾಲು ವರ್ಷಕ್ಕೊಮ್ಮೆ ಹೆಗಲೇರುತ್ತದೆ. ತಮ್ಮ ಬಾಳಿನ ನಿರ್ಧಾರದಲ್ಲಿ ತಮ್ಮ ಮಾತು ನಡೆಯುವುದು ಹಿರಿಯರಿಗೆ ಪ್ರತಿದಿನವೂ ಬೇಕು.